ಹಡಗಿನಲ್ಲೇ ರಾಡಾರ್ ಇರುವಾಗ ಬೆನ್ನ ಮೇಲೆ ತಟ್ಟೆ ಹೊತ್ತ ವಿಮಾನ ಏಕೆ?

ಪ್ರಶ್ನೆ: ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ವಿಮಾನವಾಹಕ ನೌಕೆಗಳ ಬಗ್ಗೆ ನಮ್ಮಲ್ಲಿ ಮಾತು ಜಾಸ್ತಿ. ಅಮೆರಿಕದ ನೌಕೆಗಳ ಚಿತ್ರಗಳಲ್ಲಿ ಬೆನ್ನ ಮೇಲೆ ದೊಡ್ಡ ತಟ್ಟೆ ಹೊತ್ತ, ಪ್ರೊಪೆಲ್ಲರ್ ಇರುವ ಹಳೇ ಕಾಲದ್ದೆನಿಸುವ ಒಂದು ವಿಮಾನ ಯಾವಾಗಲೂ ಕಾಣುತ್ತದೆ. ಹಡಗಿನಲ್ಲೇ ಅಷ್ಟು ಶಕ್ತಿಶಾಲಿ ರಾಡಾರ್ ಇರುವಾಗ ಇದೇಕೆ ಬೇಕು? ಜೆಟ್ ಏಕೆ ಮಾಡಲಿಲ್ಲ? ಬಾಲದಲ್ಲಿ ನಾಲ್ಕು ಫಲಕಗಳೇಕೆ? ನಮ್ಮ ವಿಕ್ರಮಾದಿತ್ಯ, ವಿಕ್ರಾಂತ್‌ಗಳ ಮೇಲೆ ಇಂಥದ್ದು ಏಕಿಲ್ಲ?

ಉತ್ತರ: ನೀವು ನೋಡಿರುವುದು ಇ-2 ಹಾಕೈ. ಗ್ರಮ್ಮನ್ ಕಂಪನಿಯ ಈ ವಿಮಾನ ಮೊದಲು ಹಾರಿದ್ದು 1960ರ ಅಕ್ಟೋಬರ್ 21ರಂದು. ಇವತ್ತಿಗೂ ಇದರ ಹೊಸ ಮಾದರಿ ಕಾರ್ಖಾನೆಯಿಂದ ಹೊರಬರುತ್ತಿದೆ, ಹೊರ ಆಕಾರ ಹೆಚ್ಚುಕಮ್ಮಿ ಅದೇ. ನಿಮ್ಮ ನಾಲ್ಕೂ ಪ್ರಶ್ನೆಗಳಿಗೆ ಬೇರು ಒಂದೇ. ಇಲ್ಲಿ ಆಂಟೆನಾದ ಅಳತೆ ಮೊದಲು ನಿಗದಿಯಾಯಿತು, ಹಡಗಿನ ಅಳತೆ ಮೊದಲೇ ಇತ್ತು, ವಿಮಾನ ಇವೆರಡರ ನಡುವೆ ಉಳಿದ ಜಾಗದಲ್ಲಿ ಹುಟ್ಟಿತು.

ಮೊದಲು ಹಡಗಿನ ರಾಡಾರ್ ವಿಚಾರ. ಕಡಲತೀರದಲ್ಲಿ ನಿಂತು ಹೊರಹೋಗುವ ದೋಣಿಯನ್ನು ನೋಡಿದರೆ ಮೊದಲು ಅದರ ಒಡಲು ಮುಳುಗುತ್ತದೆ, ಆಮೇಲೆ ಕಂಬ. ಕಣ್ಣು ಚುರುಕಾಗಿಲ್ಲವೆಂದಲ್ಲ, ಭೂಮಿ ಗುಂಡಗಿದೆ, ಅದಕ್ಕೆ. ರಾಡಾರ್‌ಗೂ ಇದೇ ಪಾಡು. ಅದರ ಅಲೆ ವಾತಾವರಣದಲ್ಲಿ ಸ್ವಲ್ಪ ಬಾಗುವುದರಿಂದ ಕಣ್ಣಿಗಿಂತ ತುಸು ದೂರ ಕಾಣುತ್ತದೆ, ಅಷ್ಟೆ. ಲೆಕ್ಕ ಸುಲಭ: ಆಂಟೆನಾದ ಎತ್ತರ, ಗುರಿಯ ಎತ್ತರ ಎರಡನ್ನೂ ಮೀಟರ್‌ನಲ್ಲಿ ತೆಗೆದುಕೊಳ್ಳಿ, ಎರಡರ ವರ್ಗಮೂಲಗಳನ್ನು ಕೂಡಿಸಿ, 4.12ರಿಂದ ಗುಣಿಸಿ. ಬರುವ ಉತ್ತರವೇ ಕಿಲೋಮೀಟರ್‌ನಲ್ಲಿ ರಾಡಾರ್‌ನ ದಿಗಂತ.

ಹಡಗಿನ ಕಂಬದ ಮೇಲೆ 30 ಮೀಟರ್ ಎತ್ತರದಲ್ಲಿ ಆಂಟೆನಾ ಇದೆ, ನೀರಿನಿಂದ 10 ಮೀಟರ್ ಮೇಲೆ ಕ್ಷಿಪಣಿ ಬರುತ್ತಿದೆ ಎನ್ನಿ. ಉತ್ತರ ಸುಮಾರು 36 ಕಿಲೋಮೀಟರ್. ಕ್ಷಿಪಣಿಯ ವೇಗ ಸೆಕೆಂಡಿಗೆ 300 ಮೀಟರ್ ಆದರೆ ಅದು ಕಂಡ ಕ್ಷಣದಿಂದ ಹಡಗಿಗೆ ಬಡಿಯುವವರೆಗೆ ಬರೀ ಎರಡು ನಿಮಿಷ. ಆ ಎರಡು ನಿಮಿಷದಲ್ಲೇ ಅದು ಏನೆಂದು ಗುರುತಿಸಬೇಕು, ತೀರ್ಮಾನಿಸಬೇಕು, ಹೊಡೆಯಬೇಕು. ರಾಡಾರ್‌ನ ಶಕ್ತಿಯನ್ನು ಹತ್ತು ಪಟ್ಟು ಮಾಡಿದರೂ ಈ 36 ಕಿಲೋಮೀಟರ್ 37 ಆಗುವುದಿಲ್ಲ. ಅದೇ ಆಂಟೆನಾವನ್ನು 7,600 ಮೀಟರ್, ಅಂದರೆ 25,000 ಅಡಿ ಮೇಲಕ್ಕೆ ಒಯ್ದರೆ ದಿಗಂತ 370 ಕಿಲೋಮೀಟರ್ ದಾಟುತ್ತದೆ. ಎರಡು ನಿಮಿಷ ಇಪ್ಪತ್ತು ನಿಮಿಷವಾಗುತ್ತದೆ. ಚಿಕ್ಕ ಕ್ಷಿಪಣಿಯ ಮರುದನಿ ಅಷ್ಟು ದೂರದಿಂದ ಸಿಗದಿರಬಹುದು, ಆದರೆ ಅದನ್ನು ಹೊತ್ತು ತರುವ ವಿಮಾನ ಕಾಣುತ್ತದೆ. ಬಾಣ ಬಿಟ್ಟ ಮೇಲೆ ಬಾಣವನ್ನು ಹುಡುಕುವುದಕ್ಕಿಂತ ಬಿಲ್ಲುಗಾರ ಬರುವಾಗಲೇ ಅವನನ್ನು ತಡೆಯುವುದು ಎಷ್ಟೋ ಮೇಲು.

ಅಮೆರಿಕದ ನೌಕಾಪಡೆ ಈ ಪಾಠ ಕಲಿತದ್ದು ಎರಡನೇ ಮಹಾಯುದ್ಧದಲ್ಲಿ. ಕೆಳಮಟ್ಟದಲ್ಲಿ ನುಗ್ಗುವ ಶತ್ರು ವಿಮಾನಗಳನ್ನು ಹಡಗಿನ ರಾಡಾರ್ ತೀರಾ ತಡವಾಗಿ ಕಾಣುತ್ತಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಕಿರಣ ಪ್ರಯೋಗಾಲಯದ ಜೊತೆ ಸೇರಿ ‘ಕ್ಯಾಡಿಲಾಕ್’ ಎಂಬ ಯೋಜನೆಯಡಿ ಅವೆಂಜರ್ ಟಾರ್ಪಿಡೊ ವಿಮಾನದ ಹೊಟ್ಟೆಗೆ ಎಪಿಎಸ್-20 ರಾಡಾರ್ ಕಟ್ಟಿದರು. 1944ರಲ್ಲೇ ಮಾದರಿ ಹಾರಿತು. ವಿಮಾನದಲ್ಲಿ ಪರದೆ ನೋಡಿ ನಿರ್ಧಾರ ಮಾಡುವಷ್ಟು ಜಾಗವಿರಲಿಲ್ಲ, ಆದ್ದರಿಂದ ರಾಡಾರ್ ಚಿತ್ರವನ್ನೇ ರೇಡಿಯೊ ಮೂಲಕ ಹಡಗಿಗೆ ಇಳಿಸುತ್ತಿದ್ದರು. ಆಮೇಲೆ ಸ್ಕೈರೈಡರ್ ಬಂತು, ಅದರ ನಂತರ ಎಸ್-2 ಟ್ರ್ಯಾಕರ್ ಕುಟುಂಬದ ವಿಮಾನದ ಬೆನ್ನಿಗೆ ಅಲುಗಾಡದ ದೊಡ್ಡ ಕವಚ ಕೂರಿಸಿದ ಇ-1 ಟ್ರೇಸರ್. ಇವೆಲ್ಲ ಬೇರೆ ಕೆಲಸಕ್ಕೆ ಮಾಡಿದ ವಿಮಾನಗಳಿಗೆ ಹೊರಿಸಿದ ಹೊರೆ. ವಿಮಾನವಾಹಕ ನೌಕೆಗಾಗಿ ಮೊದಲಿಂದಲೂ ಇದೇ ಕೆಲಸಕ್ಕೆಂದು ಕಾಗದದ ಮೇಲೆ ಗೆರೆ ಎಳೆದ ಮೊದಲ ವಿಮಾನ ಹಾಕೈ.

ಈ ಪಾಠವನ್ನು ಕಲಿತು ಮರೆತವರ ಕತೆಯೂ ಇದೆ, ಅದು ನೋವಿನದ್ದು. ಬ್ರಿಟನ್ನಿನ ನೌಕಾಪಡೆಯ ಬಳಿ ಎಪಿಎಸ್-20 ಹೊತ್ತ ಗ್ಯಾನೆಟ್ ವಿಮಾನಗಳಿದ್ದವು. 1978ರಲ್ಲಿ ಆರ್ಕ್ ರಾಯಲ್ ನೌಕೆಯ ಜೊತೆಗೇ ಅವುಗಳ ಕಾಲವೂ ಮುಗಿಯಿತು, ಜಾಗಕ್ಕೆ ಇನ್ನೊಂದು ಬರಲಿಲ್ಲ. ನಾಲ್ಕೇ ವರ್ಷದಲ್ಲಿ ಫಾಕ್ಲಂಡ್ಸ್ ದ್ವೀಪಗಳಿಗಾಗಿ ಅರ್ಜೆಂಟೀನಾದ ಜೊತೆ ಯುದ್ಧ. 1982ರ ಮೇ 4ರಂದು ಅರ್ಜೆಂಟೀನಾದ ಎರಡು ಸೂಪರ್ ಎಟೆಂಡಾರ್ ವಿಮಾನಗಳು ನೀರಿಗೆ ಅಂಟಿಕೊಂಡಂತೆ ಹಾರಿ ಬಂದು ಎಕ್ಸೊಸೆಟ್ ಕ್ಷಿಪಣಿ ಬಿಟ್ಟವು. ಶೆಫೀಲ್ಡ್ ನೌಕೆಗೆ ಬಡಿಯಿತು, 20 ಮಂದಿ ಸತ್ತರು. ಆ ದಿನ ಹಡಗುಗಳ ಜಾಗ ಹುಡುಕಿ ಕೊಟ್ಟಿದ್ದು ಅರ್ಜೆಂಟೀನಾದ ಒಂದು ಹಳೆಯ ನೆಪ್ಚೂನ್ ವಿಮಾನ. ಅದರೊಳಗಿದ್ದ ರಾಡಾರ್ ಅದೇ ಎಪಿಎಸ್-20ರ ಸಂತತಿ. ಬ್ರಿಟಿಷರು ಡೆಕ್ಕಿನಿಂದ ಇಳಿಸಿದ ಕಣ್ಣೇ ಎದುರಾಳಿಯ ಕೈಯಲ್ಲಿ ಕೆಲಸ ಮಾಡಿತು. ಆಮೇಲೆ ಕೆಲವೇ ವಾರಗಳಲ್ಲಿ ಸೀ ಕಿಂಗ್ ಹೆಲಿಕಾಪ್ಟರಿನ ಪಕ್ಕಕ್ಕೆ ಸರ್ಚ್‌ವಾಟರ್ ರಾಡಾರನ್ನು ಗಾಳಿ ತುಂಬಿದ ಚೀಲದಂಥ ಕವಚದಲ್ಲಿ ನೇತುಹಾಕಿದರು. ಅದು ಹೊರಡುವಷ್ಟರಲ್ಲಿ ಯುದ್ಧ ಮುಗಿದಿತ್ತು.

ಈಗ ತಟ್ಟೆಗೆ ಬರೋಣ. ಕಡಲ ಮೇಲೆ ಮೇಲಿನಿಂದ ಕೆಳಕ್ಕೆ ನೋಡುವ ರಾಡಾರ್‌ಗೆ ದೊಡ್ಡ ತೊಂದರೆ ದೂರದ್ದಲ್ಲ, ಗದ್ದಲದ್ದು. ಪ್ರತಿ ಅಲೆಯೂ ಒಂದಿಷ್ಟು ಮರುದನಿ ಕೊಡುತ್ತದೆ, ಕೆಳಗೆ ಹಾರುವ ವಿಮಾನ ಅದರಲ್ಲಿ ಕಳೆದುಹೋಗುತ್ತದೆ. ರಾಡಾರ್ ಅಲೆಯ ಉದ್ದ ಹೆಚ್ಚಿದಷ್ಟೂ ಸಮುದ್ರದ ಸಣ್ಣ ಅಲೆಗಳು ಅದಕ್ಕೆ ಒರಟಾಗಿ ಕಾಣುವುದಿಲ್ಲ, ಗದ್ದಲ ತಗ್ಗುತ್ತದೆ, ಮಳೆಯ ಕಾಟವೂ ಕಡಿಮೆ. ಅದಕ್ಕೇ ಎಪಿಎಸ್-20ರ 10 ಸೆಂಟಿಮೀಟರ್ ಅಲೆಯನ್ನು ಬಿಟ್ಟು ಹಾಕೈಗೆ ಯುಎಚ್‌ಎಫ್ ಎಂಬ, ಇನ್ನೂ ಉದ್ದನೆಯ ರೇಡಿಯೊ ಅಲೆಗಳ ಪಟ್ಟಿಯನ್ನು ಆರಿಸಿಕೊಂಡರು. ಅಲೆಯುದ್ದ ಸುಮಾರು 70 ಸೆಂಟಿಮೀಟರ್. ಹಳೇ ಮನೆಗಳ ಮಾಳಿಗೆ ಮೇಲಿದ್ದ ಟಿವಿ ಆಂಟೆನಾ ನೆನಪಿದೆಯಲ್ಲ, ಒಂದು ದಂಡಕ್ಕೆ ಅಡ್ಡಡ್ಡ ಕಡ್ಡಿಗಳು? ಹಾಕೈಯ ಇ-2ಸಿ ಮಾದರಿಯ ತಟ್ಟೆಯೊಳಗೆ ಇರುವುದು ಅದೇ ಜಾತಿಯ ಯಾಗಿ ಆಂಟೆನಾಗಳ ಸಾಲು.

ಇದಕ್ಕೆ ತೆರಬೇಕಾದ ಬೆಲೆ ಏನೆಂದರೆ, ಅಲೆಯುದ್ದ ದೊಡ್ಡದಾದಷ್ಟೂ ಕಿರಣ ಅಗಲವಾಗುತ್ತದೆ. ತಟ್ಟೆಯ ವ್ಯಾಸ 7.3 ಮೀಟರ್. ಅಷ್ಟಿದ್ದರೂ ಕಿರಣದ ಅಗಲ 6 ಡಿಗ್ರಿಯ ಆಸುಪಾಸು. 300 ಕಿಲೋಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಅದು 30 ಕಿಲೋಮೀಟರ್ ಅಗಲವಾಗಿ ಹರಡಿಕೊಂಡಿರುತ್ತದೆ. ಕಿರಣದೊಳಗೆ ಗುರಿ ಎಲ್ಲಿದೆ ಎಂದು ಆಮೇಲೆ ಗಣಿತದಿಂದ ಹಿಡಿಯಬೇಕು. ಈ ಕಾರಣಕ್ಕೇ ತಟ್ಟೆ ಇನ್ನೂ ದೊಡ್ಡದಿದ್ದರೆ ಒಳ್ಳೆಯದೆಂದು ರಾಡಾರ್ ಎಂಜಿನಿಯರ್ ಹೇಳುತ್ತಾನೆ, ಇಷ್ಟೇ ಜಾಸ್ತಿಯಾಯಿತೆಂದು ಹಡಗಿನವನು ಹೇಳುತ್ತಾನೆ. 7.3 ಮೀಟರ್ ಇವರಿಬ್ಬರ ರಾಜಿ.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ಚಲಿಸುವ ಗುರಿಯನ್ನು ಹಿಡಿಯುವ ಸರಳ ಉಪಾಯವೆಂದರೆ ಒಂದಾದ ಮೇಲೊಂದು ಬಂದ ಎರಡು ಮರುದನಿಗಳನ್ನು ಒಂದರಿಂದೊಂದು ಕಳೆಯುವುದು. ನಿಂತಿದ್ದೆಲ್ಲ ಸೊನ್ನೆಯಾಗುತ್ತದೆ, ಓಡಿದ್ದು ಉಳಿಯುತ್ತದೆ. ನೆಲದ ಮೇಲಿನ ರಾಡಾರ್‌ಗೆ ಇದು ಸರಿ. ಹಾಕೈ ತಾನೇ ಓಡುತ್ತಿರುವುದರಿಂದ ಸಮುದ್ರವೆಲ್ಲ ಓಡಿದಂತೆ ಕಾಣುತ್ತದೆ. ಆದ್ದರಿಂದ ರಾಡಾರ್ ಬಿಟ್ಟುಬಿಟ್ಟು ಕಳಿಸುವ ಅಲೆಯ ತುಣುಕುಗಳಲ್ಲಿ, ಅಂದರೆ ಸ್ಪಂದನಗಳಲ್ಲಿ, ಎರಡರ ನಡುವೆ ವಿಮಾನ ಎಷ್ಟು ಮುಂದೆ ಹೋಯಿತೋ ಅಷ್ಟೇ ದೂರ ಆಂಟೆನಾದ ಕೇಂದ್ರವನ್ನು ಎಲೆಕ್ಟ್ರಾನಿಕ್ ಆಗಿ ಹಿಂದಕ್ಕೆ ಸರಿಸುತ್ತಾರೆ. ಎರಡೂ ಒಂದೇ ಜಾಗದಿಂದ ಹೊರಟಂತಾಗುತ್ತದೆ, ಕಳೆಯುವ ಲೆಕ್ಕ ಸರಿಹೋಗುತ್ತದೆ. ನೀರಿನ ಮೇಲೆ ಇದು ಬೇಗ ಪಳಗಿತು. ನೆಲದ ಮೇಲೆ ಬೆಟ್ಟ, ಕಟ್ಟಡ, ಹೆದ್ದಾರಿಯ ಲಾರಿ ಎಲ್ಲ ಸೇರಿ ತಕರಾರು ಹೆಚ್ಚು. ಅದನ್ನು ಪಳಗಿಸಲು ಎಪಿಎಸ್-96ರಿಂದ 120, 125, 138, 139, 145 ಎಂದು ರಾಡಾರ್‌ನ ತಲೆಮಾರುಗಳೇ ಕಳೆದವು.

ಈ ತಟ್ಟೆಯ ಹೆಸರು ರೋಟೋಡೋಮ್. ಕವಚ ನಿಂತು ಒಳಗೆ ಆಂಟೆನಾ ತಿರುಗುವುದಲ್ಲ, ಕವಚ ಸಮೇತ ಇಡೀ ತಟ್ಟೆಯೇ ಮಿನಿಟಿಗೆ ಐದಾರು ಸುತ್ತು ತಿರುಗುತ್ತದೆ. ಅದನ್ನು ಸ್ವಲ್ಪ ಮೂತಿ ಎತ್ತಿದ ಕೋನದಲ್ಲಿ ಕೂರಿಸಿ, ತನ್ನ ಭಾರಕ್ಕೆ ಬೇಕಾದ ಎತ್ತುಬಲವನ್ನು ತಾನೇ ಹುಟ್ಟಿಸಿಕೊಳ್ಳುವಂತೆ ಮಾಡಿದ್ದಾರೆ. ಭಾರವೇನೋ ನೀಗಿತು, ಗಾಳಿಯ ಎಳೆತ ನೀಗಲಿಲ್ಲ. ತಟ್ಟೆಯ ಹಿಂದೆ ಗಾಳಿ ಕದಡಿ ಬಾಲದ ಮೇಲೆ ಬೀಳುತ್ತದೆ. ನಾಲ್ಕು ಫಲಕಗಳು ಹುಟ್ಟಿದ್ದು ಇಲ್ಲಿಂದ. ಕದಡಿದ ಗಾಳಿಯಲ್ಲಿ ವಿಮಾನ ನೇರ ನಿಲ್ಲಲು ಲಂಬ ಫಲಕದ ವಿಸ್ತೀರ್ಣ ಜಾಸ್ತಿ ಬೇಕು. ಎತ್ತರವಾದ ಒಂದೇ ಬಾಲ ಮಾಡಿದರೆ ಹಡಗಿನೊಳಗೆ ವಿಮಾನ ನಿಲ್ಲಿಸುವ ಜಾಗದ, ಅಂದರೆ ಹ್ಯಾಂಗರಿನ, ಸೂರಿಗೆ ತಾಗುತ್ತದೆ, ರಾಡಾರ್ ಕಿರಣಕ್ಕೂ ಅಡ್ಡ ಬರುತ್ತದೆ. ಆದ್ದರಿಂದ ಒಂದು ಎತ್ತರದ್ದರ ಬದಲು ನಾಲ್ಕು ಗಿಡ್ಡ ಫಲಕಗಳನ್ನು ಅಗಲಕ್ಕೆ ಹಂಚಿದರು. ಅವುಗಳಲ್ಲಿ ಮೂರಕ್ಕೆ ಮಾತ್ರ ಮೂತಿಯನ್ನು ಅತ್ತಿತ್ತ ತಿರುಗಿಸುವ ರಡ್ಡರ್ ಇದೆ. ಲೋಹ ರಾಡಾರ್ ಅಲೆಯನ್ನು ಹಿಂದಕ್ಕೆ ಹೊಡೆಯುತ್ತದೆಂದು ಬಾಲದ ಕೆಲವು ಭಾಗಗಳನ್ನು ಫೈಬರ್‌ಗ್ಲಾಸ್‌ನಿಂದ ಮಾಡಿದರು.

ಆ ಕಾಲದ ಎಸೆಕ್ಸ್ ವರ್ಗದ ನೌಕೆಗಳ ಹ್ಯಾಂಗರ್ ತಗ್ಗು. ತಟ್ಟೆ ಎತ್ತಿದಾಗ ಹಾಕೈಯ ಎತ್ತರ 5.58 ಮೀಟರ್, ಹಾಗೆಯೇ ಒಳಗೆ ಹೋಗುವುದಿಲ್ಲ. ಅದಕ್ಕೇ ತಟ್ಟೆಯ ಕಂಬವನ್ನು ಸುಮಾರು 60 ಸೆಂಟಿಮೀಟರ್ ಕೆಳಕ್ಕೆ ಇಳಿಸುವ ಏರ್ಪಾಡು ಮಾಡಿದರು. ರೆಕ್ಕೆಗಳದ್ದು ಇನ್ನೊಂದು ಕಸರತ್ತು. ಬಿಚ್ಚಿದಾಗ 24.56 ಮೀಟರ್, ಮಡಚಿದಾಗ 9 ಮೀಟರಿಗೂ ಕಡಿಮೆ. ಮೇಲೆ ತಟ್ಟೆ ಇರುವುದರಿಂದ ಬೇರೆ ವಿಮಾನಗಳಂತೆ ರೆಕ್ಕೆಯನ್ನು ಮೇಲಕ್ಕೆ ಎತ್ತಿ ಮಡಚಲು ಜಾಗವಿಲ್ಲ. ಎರಡನೇ ಮಹಾಯುದ್ಧದ ವೈಲ್ಡ್‌ಕ್ಯಾಟ್‌ಗೆ ಗ್ರಮ್ಮನ್ ಮಾಡಿದ್ದ ಉಪಾಯವನ್ನೇ ಇಲ್ಲೂ ಹಿಡಿದರು. ರೆಕ್ಕೆ ಮೊದಲು ತಿರುಚಿಕೊಂಡು ಅಂಚಿನ ಮೇಲೆ ನಿಲ್ಲುತ್ತದೆ, ಆಮೇಲೆ ಹಿಂದಕ್ಕೆ ಸರಿದು ಒಡಲಿಗೆ ಒತ್ತಿಕೊಳ್ಳುತ್ತದೆ. ಕೊಕ್ಕರೆ ಕೂತ ಮೇಲೆ ರೆಕ್ಕೆ ಒಳಗೆಳೆದುಕೊಳ್ಳುತ್ತದಲ್ಲ, ನೋಡಲು ಹಾಗೆಯೇ.

ಡೆಕ್ಕಿನಿಂದ ವಿಮಾನವನ್ನು ಎಳೆದು ಎಸೆಯುವ ಯಂತ್ರವಾದ ಕ್ಯಾಟಪಲ್ಟ್‌ನಲ್ಲೂ ಹಾಕೈ ಒಂದು ಬದಲಾವಣೆ ತಂದಿತು. ಹಿಂದೆ ವಿಮಾನದ ಹೊಟ್ಟೆಗೆ ಉಕ್ಕಿನ ಹಗ್ಗ ಬಿಗಿದು ಎಳೆಯುತ್ತಿದ್ದರು, ಪ್ರತಿ ಹಾರಾಟಕ್ಕೂ ಡೆಕ್ ಸಿಬ್ಬಂದಿ ರೆಕ್ಕೆಯ ಕೆಳಗೆ ನುಸುಳಿ ಅದನ್ನು ಸಿಕ್ಕಿಸಬೇಕಿತ್ತು. ಹಾಕೈಯ ಮೂತಿಗಾಲಿಗೇ ಒಂದು ಕಬ್ಬಿಣದ ತೋಳು ಜೋಡಿಸಿದರು, ಅದು ಕ್ಯಾಟಪಲ್ಟ್‌ನ ಕೊಂಡಿಗೆ ನೇರ ಸಿಕ್ಕಿಕೊಳ್ಳುತ್ತದೆ. 1962ರ ಡಿಸೆಂಬರ್ 19ರಂದು ಎಂಟರ್‌ಪ್ರೈಸ್ ನೌಕೆಯಿಂದ ಈ ಬಗೆಯ ಮೊದಲ ಉಡಾವಣೆ ಆಯಿತು. ಇಂದು ಅಮೆರಿಕ, ಫ್ರಾನ್ಸ್‌ಗಳ ಡೆಕ್ಕಿನಿಂದ ಕ್ಯಾಟಪಲ್ಟ್‌ನಲ್ಲಿ ಹಾರುವ ವಿಮಾನಗಳೆಲ್ಲ ಇದೇ ದಾರಿ.

ಇಷ್ಟೆಲ್ಲ ಜಾಣತನವಿದ್ದ ಮೊದಲ ಮಾದರಿ ಇ-2ಎ ಸೇವೆಯಲ್ಲಿ ಎಡವಿತು. 1964ರ ಜನವರಿಯಲ್ಲಿ ಪಡೆಗೆ ಸೇರಿ 1965ರಲ್ಲಿ ಕಿಟ್ಟಿ ಹಾಕ್ ನೌಕೆಯ ಜೊತೆ ವಿಯೆಟ್ನಾಂ ಕಡೆ ಹೋಯಿತು. ವಿಮಾನ ಚೆನ್ನಾಗಿ ಹಾರುತ್ತಿತ್ತು, ಒಳಗಿನ ಯಂತ್ರಗಳು ನಿಲ್ಲುತ್ತಿದ್ದವು. ಚಿಕ್ಕ ಒಡಲೊಳಗೆ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ಒತ್ತೊತ್ತಾಗಿ ತುಂಬಿದ್ದರು, ತಂಪು ಮಾಡುವ ಗಾಳಿ ಸಾಲುತ್ತಿರಲಿಲ್ಲ. ಒಂದು ಪೆಟ್ಟಿಗೆಯ ಬಿಸಿ ಪಕ್ಕದ್ದನ್ನು ಬೇಯಿಸುತ್ತಿತ್ತು. ಮೊದಲ ಕಂಪ್ಯೂಟರ್ ತಿರುಗುವ ಡ್ರಮ್ಮಿನ ಮೇಲೆ ನೆನಪು ಇಟ್ಟುಕೊಳ್ಳುವ ಜಾತಿಯದು. ಉಗಿಯ ಕ್ಯಾಟಪಲ್ಟ್ ಎಸೆತ, ಇಳಿಯುವಾಗ ಡೆಕ್ಕಿನ ಅಡ್ಡ ತಂತಿಗೆ ಸಿಕ್ಕಿ ನಿಲ್ಲುವ ಜಗ್ಗು ಇವನ್ನೆಲ್ಲ ದಿನಾ ತಿನ್ನಬೇಕಾದ ಜಾಗದಲ್ಲಿ ತಿರುಗುವ ಯಂತ್ರ ಕೆಟ್ಟ ಆಯ್ಕೆ. ಅದರ ಮೇಲೆ ಉಪ್ಪುಗಾಳಿ, ತೇವ. ಕನೆಕ್ಟರ್‌ಗಳು ಕಿಲುಬು ಹಿಡಿದವು. ಒಂದು ಹಂತದಲ್ಲಿ ಇಡೀ ಪಡೆಯ ಹಾಕೈಗಳನ್ನು ನೆಲಕ್ಕೆ ನಿಲ್ಲಿಸಿ, 59 ವಿಮಾನಗಳಿಗೆ ತಯಾರಿಕೆಯನ್ನೇ ಕಡಿದರು.

ಉಳಿಸಿದ್ದು ಎರಡು ಕೆಲಸ. ತಿರುಗುವ ಡ್ರಮ್ ತೆಗೆದು ಲಿಟ್ಟನ್ ಕಂಪನಿಯ ಎಲ್-304 ಡಿಜಿಟಲ್ ಕಂಪ್ಯೂಟರ್ ಹಾಕಿದರು, ತಂಪು ಮತ್ತು ತುಕ್ಕು ತಡೆಯುವ ವ್ಯವಸ್ಥೆಗಳನ್ನು ಮತ್ತೆ ಹೊಸದಾಗಿ ಮಾಡಿದರು. ಹೀಗೆ ಪರಿವರ್ತನೆಯಾದ ಇ-2ಬಿ 1969ರ ಫೆಬ್ರವರಿಯಲ್ಲಿ ಹಾರಿತು. ಕಂಪ್ಯೂಟರ್ ಕಾರ್ಯಕ್ರಮ ಬದಲಿಸಿದರೆ ವಿಮಾನದ ಗುಣ ಬದಲಾಗುತ್ತದೆ ಎಂಬುದು ಆಗ ಹೊಸ ಮಾತು. 1971ರ ಜನವರಿಯಲ್ಲಿ ಹಾರಿದ ಇ-2ಸಿ ಈ ಪಾಠಗಳ ಮೇಲೇ ನಿಂತದ್ದು. ಕಾಕ್‌ಪಿಟ್‌ನ ಹಿಂದೆ ಬೆನ್ನ ಮೇಲೆ ದೊಡ್ಡದೊಂದು ಗಾಳಿಬಾಯಿ ಕಾಣುತ್ತದಲ್ಲ, ಅದು ಎಂಜಿನ್ನಿಗಲ್ಲ, ಒಳಗಿನ ಎಲೆಕ್ಟ್ರಾನಿಕ್ಸ್ ತಂಪು ಮಾಡುವ ರೇಡಿಯೇಟರ್‌ಗೆ. ನನ್ನ ಪ್ರಕಾರ ಇಡೀ ವಿಮಾನದಲ್ಲಿ ತಟ್ಟೆಗಿಂತ ಹೆಚ್ಚು ಗೌರವ ಸಲ್ಲಬೇಕಾದ್ದು ಆ ಗಾಳಿಬಾಯಿಗೆ. ರಾಡಾರ್ ವಿನ್ಯಾಸ ಮಾಡುವವರು ದೂರದ ಬಗ್ಗೆ ತಲೆ ಕೆಡಿಸಿಕೊಂಡಷ್ಟು ಶಾಖದ ಬಗ್ಗೆ ಕೆಡಿಸಿಕೊಂಡಿದ್ದರೆ ಇ-2ಎ ಅಷ್ಟು ಕಷ್ಟಪಡುತ್ತಿರಲಿಲ್ಲ.

ಈಗ ಜೆಟ್ ಪ್ರಶ್ನೆ. ಈ ವಿಮಾನದ ಕೆಲಸ ವೇಗವಾಗಿ ಹೋಗುವುದಲ್ಲ, ನೌಕೆಯಿಂದ 300 ಕಿಲೋಮೀಟರ್ ಆಚೆ ಹೋಗಿ ಮೂರು ನಾಲ್ಕು ತಾಸು ಆಕಾಶದಲ್ಲಿ ನಿಲ್ಲುವುದು. ಇ-2ಸಿ ಹೊರುವ ಇಂಧನ ಸುಮಾರು 5,600 ಕಿಲೋ. ಅಷ್ಟರಲ್ಲಿ ಅಷ್ಟು ಹೊತ್ತು ನಿಲ್ಲುವುದಕ್ಕೆ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್ ಎಂಜಿನ್ನಿಗಿಂತ ಮಿತವ್ಯಯಿ ಇನ್ನೊಂದಿಲ್ಲ. ಎರಡನೇ ಕಾರಣ ಇಳಿಯುವಾಗ ಗೊತ್ತಾಗುತ್ತದೆ. ಹಾಕೈಯ ಟಿ56 ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ, ಶಕ್ತಿ ಬೇಕೆಂದಾಗ ಪ್ರೊಪೆಲ್ಲರಿನ ಎಲೆಗಳ ಕೋನ ಬದಲಾಗುತ್ತದೆ. ಜೆಟ್ ಎಂಜಿನ್ನಿನಂತೆ ವೇಗ ಹಿಡಿಯಲು ಕಾಯಬೇಕಿಲ್ಲ. ಜೊತೆಗೆ ಪ್ರೊಪೆಲ್ಲರಿನ ಗಾಳಿ ರೆಕ್ಕೆಯ ಮೇಲೇ ಹರಿಯುವುದರಿಂದ ಶಕ್ತಿ ಕೊಟ್ಟ ಕ್ಷಣವೇ ವಿಮಾನ ಮೇಲಕ್ಕೆ ಎದ್ದ ಹಾಗಾಗುತ್ತದೆ.

ಇದಕ್ಕೆ ತೆರುವ ಬೆಲೆಯೂ ಅಲ್ಲೇ ಇದೆ. ಎರಡೂ ಪ್ರೊಪೆಲ್ಲರ್‌ಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ಶಕ್ತಿ ಏರಿಸಿದರೆ ಮೂತಿ ಒಂದು ಕಡೆ ಎಳೆಯುತ್ತದೆ, ಇಳಿಸಿದರೆ ಇನ್ನೊಂದು ಕಡೆ. ಡೆಕ್ಕಿಗೆ ಇಳಿಯುವಾಗ ಪೈಲಟ್ ಕ್ಷಣಕ್ಷಣಕ್ಕೂ ಶಕ್ತಿ ಏರಿಸಿ ಇಳಿಸಿ ಮಾಡುತ್ತಿರುತ್ತಾನೆ, ಪ್ರತಿ ಸಲವೂ ಕಾಲಿನ ಪೆಡಲ್‌ನಿಂದ ಅದನ್ನು ಸರಿದೂಗಿಸಬೇಕು. ಫೈಟರ್ ವಿಮಾನದ ಪೈಲಟ್‌ಗೆ ಈ ಉಸಾಬರಿ ಇಲ್ಲ. ಇತ್ತ ರೆಕ್ಕೆಯ ಅಗಲ 24.56 ಮೀಟರ್, ಪಕ್ಕದಲ್ಲೇ ಸಾಲಾಗಿ ನಿಂತ ವಿಮಾನಗಳು. ನಡುಗೆರೆಯಿಂದ ಸ್ವಲ್ಪ ಸರಿದರೂ ರೆಕ್ಕೆತುದಿ ಯಾವುದಕ್ಕೋ ತಾಗಬಹುದು. ಅದಕ್ಕೇ ಡೆಕ್ಕಿನ ಮೇಲೆ ಇಳಿಸಲು ಅತಿ ಕಷ್ಟದ ವಿಮಾನಗಳಲ್ಲಿ ಹಾಕೈಯನ್ನು ಮೊದಲು ಎಣಿಸುತ್ತಾರೆ. ಫ್ರಾನ್ಸ್ ತನ್ನ ಶಾರ್ಲ್ ದ ಗಾಲ್ ನೌಕೆಗೆ ಹಾಕೈ ತಂದಾಗ ಅದು ಇಳಿದು ತಿರುಗಿಕೊಳ್ಳಲು ಜಾಗ ಸಾಲದೆಂದು ತಿಳಿದು ಡೆಕ್ಕನ್ನು 4.4 ಮೀಟರ್ ಉದ್ದ ಮಾಡಿಸಬೇಕಾಯಿತು. ಹಡಗಿಗೆ ತಕ್ಕ ವಿಮಾನ ಮಾಡಿದರೂ ಕೊನೆಗೆ ವಿಮಾನಕ್ಕೆ ತಕ್ಕಂತೆ ಹಡಗೂ ಬದಲಾಯಿತು.

ಹಳೆಯ ನಾಲ್ಕೆಲೆಯ ಪ್ರೊಪೆಲ್ಲರ್ ಜಾಗಕ್ಕೆ ಆಮೇಲೆ ಎಂಟೆಲೆಯ ಎನ್‌ಪಿ2000 ಬಂತು. ಕಂಪನ ಕಡಿಮೆಯಾಯಿತು. ಕಂಪನ ಕಡಿಮೆ ಅಂದರೆ ಒಳಗೆ ಕೂತವರಿಗೆ ಸುಖ ಎನ್ನುವುದಷ್ಟೇ ಅಲ್ಲ, ಎಲೆಕ್ಟ್ರಾನಿಕ್ ಪೆಟ್ಟಿಗೆಗಳ ಬೆಸುಗೆ ಬಿಡುವುದೂ ಕಡಿಮೆ. ಒಂದು ಎಲೆ ಏಟು ತಿಂದರೆ ಇಡೀ ಪ್ರೊಪೆಲ್ಲರ್ ಇಳಿಸಬೇಕಿಲ್ಲ, ವಿಮಾನದ ಮೇಲೇ ಆ ಒಂದು ಎಲೆಯನ್ನು ಬದಲಿಸಬಹುದು. ಜಾಗವಿಲ್ಲದ ಹ್ಯಾಂಗರಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಅಪಾಯದ ಮಾತನ್ನೂ ಹೇಳಬೇಕು. ಹಾಕೈಯಲ್ಲಿ ಐದು ಜನ: ಮುಂದೆ ಇಬ್ಬರು ಪೈಲಟ್‌ಗಳು, ಹಿಂದೆ ಇಕ್ಕಟ್ಟಾದ ಕತ್ತಲೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಪರದೆ ನೋಡುವ ಮೂವರು ಅಧಿಕಾರಿಗಳು. ಹಾರುವಾಗ, ಇಳಿಯುವಾಗ ಅವರು ಕುರ್ಚಿಯನ್ನು ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ. ಯಾರಿಗೂ ಚಿಮ್ಮುವ ಕುರ್ಚಿ ಇಲ್ಲ. ಆಪತ್ತು ಬಂದರೆ ಪ್ಯಾರಾಚೂಟ್ ಕಟ್ಟಿಕೊಂಡು ಪಕ್ಕದ ಬಾಗಿಲಿನಿಂದ ಹಾರಬೇಕು, ಅಲ್ಲಿಯವರೆಗೆ ಯಾರಾದರೂ ವಿಮಾನವನ್ನು ಸಮವಾಗಿ ಹಿಡಿದಿರಬೇಕು. 2010ರ ಮಾರ್ಚ್ 31ರಂದು ಉತ್ತರ ಅರಬ್ಬೀ ಸಮುದ್ರದ ಮೇಲೆ ಐಸೆನ್‌ಹೋವರ್ ನೌಕೆಗೆ ಮರಳುತ್ತಿದ್ದ ಇ-2ಸಿಯ ಬಲ ಎಂಜಿನ್ ಎಣ್ಣೆಯ ಒತ್ತಡ ಕಳೆದುಕೊಂಡಿತು. ಇಂಥ ಹೊತ್ತಿನಲ್ಲಿ ಪ್ರೊಪೆಲ್ಲರಿನ ಎಲೆಗಳನ್ನು ಗಾಳಿಗೆ ಅಂಚು ಕೊಟ್ಟು ನಿಲ್ಲಿಸಬೇಕು. ಅದು ಆಗಲಿಲ್ಲ. ನಿಲ್ಲದ ಪ್ರೊಪೆಲ್ಲರ್ ಹಲಗೆ ಅಡ್ಡ ಹಿಡಿದ ಹಾಗೆ ವಿಮಾನವನ್ನು ಒಂದು ಕಡೆ ಎಳೆಯುತ್ತದೆ. ಅಂದು ಒಳಗಿದ್ದ ನಾಲ್ವರಲ್ಲಿ ಮೂವರು ಹಾರಿ ಬದುಕಿದರು. ಅವರು ಹಾರುವವರೆಗೆ ವಿಮಾನ ಹಿಡಿದಿದ್ದ ಪೈಲಟ್ ಉಳಿಯಲಿಲ್ಲ.

ಇನ್ನೊಂದು ಘಟನೆ 2016ರ ಮಾರ್ಚ್ 18ರದ್ದು, ಅದೇ ನೌಕೆಯ ಮೇಲೆ. ಇ-2ಸಿ ತಂತಿ ಹಿಡಿಯಿತು, ತಂತಿ ಹರಿಯಿತು. ವಿಮಾನ ಡೆಕ್ಕಿನ ಅಂಚು ದಾಟಿ ಕೆಳಕ್ಕೆ ಬಿದ್ದು ಕಣ್ಮರೆಯಾಯಿತು, ಮರುಕ್ಷಣ ನೀರಿನ ಮೇಲಿಂದ ಎದ್ದು ಹಾರಿ ಹೋಯಿತು. ಶಕ್ತಿ ಕೊಟ್ಟ ತಕ್ಷಣ ರೆಕ್ಕೆಗೆ ಗಾಳಿ ಸಿಗುವ ಗುಣದ ಬಗ್ಗೆ ಮೇಲೆ ಹೇಳಿದ್ದು ಬರೀ ಪುಸ್ತಕದ ಮಾತಲ್ಲ. ಹರಿದ ತಂತಿ ಡೆಕ್ ಮೇಲೆ ಬೀಸಿ ಎಂಟು ಮಂದಿಗೆ ಗಾಯವಾಯಿತು. ತಂತಿ ಹಳತಾಗಿ ಹರಿದದ್ದಲ್ಲ. ಡೆಕ್ಕಿನ ಕೆಳಗೆ ತಂತಿಯನ್ನು ಹಿಡಿದು ನಿಧಾನಿಸುವ ಯಂತ್ರದಲ್ಲಿ ದೋಷ ಹುಡುಕುವಾಗ ಸಿಬ್ಬಂದಿ ಮುಖ್ಯವಾದ ಹೆಜ್ಜೆಯನ್ನು ಬಿಟ್ಟಿದ್ದರು, ಅದನ್ನು ಬಿಟ್ಟರೆ ಏನಾಗುತ್ತದೆಂದು ಎಚ್ಚರಿಸುವ ಸಾಲು ಕೈಪಿಡಿಯಲ್ಲೂ ಸರಿಯಾಗಿರಲಿಲ್ಲ ಎಂದು ತನಿಖೆ ಹೇಳಿತು. ಜಗ್ಗನ್ನು ಯಂತ್ರ ಹೀರಿಕೊಳ್ಳದಿದ್ದಾಗ ಅಷ್ಟೂ ತಂತಿಯ ಮೇಲೆ ಬಿತ್ತು.

ನೌಕೆಯಲ್ಲಿ ಸಾಮಾನ್ಯವಾಗಿ ನಾಲ್ಕೋ ಐದೋ ಹಾಕೈಗಳಿರುತ್ತವೆ. ಮೇಲೆ ಹೋದ ಮೇಲೆ ಆಕಾಶದಲ್ಲಿ ಉದ್ದನೆಯ ಮೊಟ್ಟೆಯಾಕಾರದ ಸುತ್ತು ಹಾಕುತ್ತ ಇರುತ್ತದೆ, ತಿರುವುಗಳನ್ನು ಆದಷ್ಟು ಚಪ್ಪಟೆಯಾಗಿ ತೆಗೆದುಕೊಳ್ಳುತ್ತದೆ, ಏಕೆಂದರೆ ವಿಮಾನ ವಾಲಿದರೆ ತಟ್ಟೆಯೂ ವಾಲುತ್ತದೆ, ಕಿರಣ ಒಂದು ಕಡೆ ನೀರಿಗೆ, ಇನ್ನೊಂದು ಕಡೆ ಆಕಾಶಕ್ಕೆ ಹೋಗುತ್ತದೆ. ಹಿಂದೆ ಕೂತವರು ಬರೀ ನೋಡುವವರಲ್ಲ, ಫೈಟರ್‌ಗಳಿಗೆ ದಾರಿ ಹೇಳಿ ಕಳಿಸುವವರು. 1981ರ ಆಗಸ್ಟ್‌ನಲ್ಲಿ ಸಿದ್ರಾ ಕೊಲ್ಲಿಯ ಮೇಲೆ ಎಫ್-14ಗಳು ಲಿಬಿಯಾದ ಎರಡು ವಿಮಾನಗಳನ್ನು ಎದುರಿಸಿದಾಗ ಹಿಂದಿನಿಂದ ಹಾಕೈ ದಾರಿ ತೋರಿಸುತ್ತಿತ್ತು. ನೆಲದಿಂದ ಹಾರಿಸಲೂ ಇದನ್ನು ಕೊಂಡವರಿದ್ದಾರೆ. 1976ರ ಸೆಪ್ಟೆಂಬರ್ 6ರಂದು ಸೋವಿಯತ್ ಪೈಲಟ್ ವಿಕ್ಟರ್ ಬೆಲೆಂಕೊ ಮಿಗ್-25 ತಂದು ಜಪಾನಿನ ಹಕೊಡಾಟೆಯಲ್ಲಿ ಇಳಿಸಿಯೇಬಿಟ್ಟ. ಅವನು ಕೆಳಗೆ ಇಳಿದಾಗ ನೆಲದ ರಾಡಾರ್‌ಗಳು ಅವನನ್ನು ಕಳೆದುಕೊಂಡಿದ್ದವು. ಜಪಾನ್ 13 ಇ-2ಸಿ ಕೊಂಡಿದ್ದು ಅದಾದ ಮೇಲೆ.

2007ರ ಆಗಸ್ಟ್ 3ರಂದು ಹಾರಿದ ಇ-2ಡಿ ಹೊರಗಿನಿಂದ ನೋಡಿದರೆ ಅದೇ ವಿಮಾನ, ಒಳಗೆಲ್ಲ ಹೊಸತು. ತಟ್ಟೆಯೊಳಗಿನ ಎಪಿವೈ-9 ರಾಡಾರ್ ಕೂಡ ಯುಎಚ್‌ಎಫ್‌ನದ್ದೇ, ಆದರೆ ಕಿರಣವನ್ನು ಎಲೆಕ್ಟ್ರಾನಿಕ್ ಆಗಿಯೂ ತಿರುಗಿಸಬಲ್ಲದು. ಹಳೆಯದರಲ್ಲಿ ಗುರಿ ಹತ್ತು ಹನ್ನೆರಡು ಸೆಕೆಂಡಿಗೊಮ್ಮೆ ಕಾಣುತ್ತಿತ್ತು, ಅಷ್ಟರಲ್ಲಿ ಕ್ಷಿಪಣಿ ಮೂರು ಕಿಲೋಮೀಟರ್ ಮುಂದೆ ಬಂದಿರುತ್ತಿತ್ತು. ಇದರಲ್ಲಿ ಬೇಕಾದರೆ ತಟ್ಟೆಯನ್ನೇ ನಿಲ್ಲಿಸಿ ಒಂದು ದಿಕ್ಕನ್ನು ದಿಟ್ಟಿಸುತ್ತ ಕೂರಬಹುದು. ಸಹ ಪೈಲಟ್ ಕೂಡ ಬಿಡುವಿದ್ದಾಗ ಪರದೆ ನೋಡುವ ನಾಲ್ಕನೆಯವನಾಗಬಹುದು. 2015ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ನೌಕೆಯ ಜೊತೆ ಇದು ಮೊದಲು ಹೊರಟಿತು. ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವ ಕೊಳವೆ ಆಮೇಲೆ ಬಂತು. ಇಂಧನದ ಮಿತಿ ಹೋಯಿತು, ಈಗ ಮಿತಿ ಒಳಗೆ ಕೂತವರ ಬೆನ್ನಿನದು.

ಇನ್ನು ನಮ್ಮ ನೌಕೆಗಳು. ವಿಕ್ರಮಾದಿತ್ಯ, ವಿಕ್ರಾಂತ್ ಎರಡರಲ್ಲೂ ತಡೆ ತಂತಿ ಇದೆ, ಕ್ಯಾಟಪಲ್ಟ್ ಇಲ್ಲ. ಮೂತಿಯಲ್ಲಿ ಮೇಲಕ್ಕೆ ಬಾಗಿದ ಇಳಿಜಾರು ಇದೆ. ಮಿಗ್-29ಕೆ ತನ್ನ ಎಂಜಿನ್ ಬಲದಿಂದಲೇ 200 ಮೀಟರಿಗೂ ಕಡಿಮೆ ಓಡಿ ಆ ಇಳಿಜಾರಿನಿಂದ ಚಿಮ್ಮುತ್ತದೆ. ತೂಕಕ್ಕೆ ಹೋಲಿಸಿದರೆ ಹಾಕೈಯ ಎಂಜಿನ್ ಬಲ ಅದರ ಹತ್ತಿರಕ್ಕೂ ಬರುವುದಿಲ್ಲ. ನೆಲದ ರನ್‌ವೇಯಲ್ಲಿ ಅದಕ್ಕೆ ಅರ್ಧ ಕಿಲೋಮೀಟರಿಗೂ ಹೆಚ್ಚು ಓಟ ಬೇಕು. ಆ ಓಟವನ್ನು 75ರಿಂದ 95 ಮೀಟರಿಗೆ ಇಳಿಸುವುದೇ ಕ್ಯಾಟಪಲ್ಟ್. ಅಂದರೆ ಹಾಕೈ ಬೇಕೋ ಬೇಡವೋ ಎಂಬುದು ವಿಮಾನ ಕೊಳ್ಳುವ ದಿನ ತೀರ್ಮಾನವಾಗುವುದಿಲ್ಲ, ಹಡಗಿನ ನಕ್ಷೆ ಬರೆಯುವ ದಿನವೇ ಆಗಿಹೋಗಿರುತ್ತದೆ. ಸೋವಿಯತ್ ಒಕ್ಕೂಟವೂ ಇಂಥದ್ದೇ ಯಾಕ್-44 ಎಂಬ ವಿಮಾನ ರೂಪಿಸುತ್ತಿತ್ತು. ಅದನ್ನು ಹೊರಬೇಕಿದ್ದ ಕ್ಯಾಟಪಲ್ಟ್ ಇರುವ ಉಲ್ಯಾನೊವ್ಸ್ಕ್ ನೌಕೆಯೇ ಪೂರ್ತಿಯಾಗಲಿಲ್ಲ, ವಿಮಾನವೂ ಮಾದರಿಯಲ್ಲೇ ಉಳಿಯಿತು. ಚೀನಾ ಮೊದಲೆರಡು ನೌಕೆಗಳಲ್ಲಿ ಇಳಿಜಾರು ಇಟ್ಟು, ಮೂರನೆಯದಾದ ಫೂಜಿಯಾನ್‌ಗೆ ವಿದ್ಯುತ್ಕಾಂತೀಯ ಕ್ಯಾಟಪಲ್ಟ್ ಹಾಕಿತು. ಅದರ ಮೇಲಿನ ಕೆಜೆ-600 ನೋಡಿ: ಎರಡು ಟರ್ಬೊಪ್ರಾಪ್, ಬೆನ್ನ ಮೇಲೆ ತಟ್ಟೆ, ಬಾಲದಲ್ಲಿ ನಾಲ್ಕು ಫಲಕ. ನಕಲು ಎಂದು ಹಲವರು ಹೇಳುತ್ತಾರೆ. ಅದೇ ಭೌತವಿಜ್ಞಾನ, ಅದೇ ಹ್ಯಾಂಗರ್ ಸೂರು ಇಟ್ಟುಕೊಂಡು ಲೆಕ್ಕ ಹಾಕಿದರೆ ಉತ್ತರ ಬಹಳ ಬೇರೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ.

ಸದ್ಯ ನಮ್ಮ ನೌಕಾಪಡೆಯ ಬಳಿ ಈ ಕೆಲಸಕ್ಕೆ ಇರುವುದು ರಷ್ಯಾದ ಕಾಮೊವ್ ಕಾ-31 ಹೆಲಿಕಾಪ್ಟರ್. ಹೊಟ್ಟೆಯ ಕೆಳಗೆ ಮಡಚಿಕೊಂಡಿರುವ 6 ಮೀಟರಿನ ಆಂಟೆನಾ ಮೇಲೆ ಹೋದಾಗ ತೆರೆದುಕೊಂಡು, ಚಕ್ರಗಳು ದಾರಿ ಬಿಟ್ಟು ಮೇಲೆ ಸರಿದು, ಹತ್ತು ಸೆಕೆಂಡಿಗೊಂದು ಸುತ್ತು ತಿರುಗುತ್ತದೆ. ಒಳ್ಳೆಯ ಯಂತ್ರ, ಯಾವ ಡೆಕ್ಕಿನಿಂದಲೂ ಏಳುತ್ತದೆ. ಆದರೆ ನಿಲ್ಲುವುದು ಎರಡೂವರೆ ತಾಸು, ಎತ್ತರ ಸುಮಾರು 3,500 ಮೀಟರ್, ಫೈಟರ್ ಗಾತ್ರದ ಗುರಿಯನ್ನು ಕಾಣುವುದು 100ರಿಂದ 150 ಕಿಲೋಮೀಟರ್‌ಗೆ. ಒಳಗೆ ಇಬ್ಬರೇ ಇರುವುದರಿಂದ ಕಂಡದ್ದನ್ನು ಹಡಗಿಗೆ ಕಳಿಸಿ ಅಲ್ಲಿಂದ ನಿರ್ಧಾರ ಪಡೆಯಬೇಕು. 1944ರ ಅವೆಂಜರ್ ಮಾಡುತ್ತಿದ್ದುದೂ ಇದನ್ನೇ.

ತಟ್ಟೆ ಹೊತ್ತ ವಿಮಾನದ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಡಿಆರ್‌ಡಿಒದ ವಾಯುಗಾಮಿ ವ್ಯವಸ್ಥೆಗಳ ಕೇಂದ್ರ, ಎಲ್ಲರೂ ಕ್ಯಾಬ್ಸ್ ಎನ್ನುವುದು, ಆವ್ರೊ ವಿಮಾನದ ಮೇಲೆ ರೋಟೋಡೋಮ್ ಕೂರಿಸಿ ಹಾರಿಸುತ್ತಿತ್ತು. 1999ರ ಜನವರಿ 11ರಂದು ಅರಕ್ಕೋಣಂ ಬಳಿ ಆ ವಿಮಾನ ಬಿದ್ದು ಎಂಟು ಜನ ವಿಜ್ಞಾನಿಗಳು, ವಾಯುಪಡೆಯವರು ಪ್ರಾಣ ಕಳೆದುಕೊಂಡರು. ಕೆಲಸ ಮತ್ತೆ ಶುರುವಾಗಲು ವರ್ಷಗಳು ಹಿಡಿದವು. ಅದೇ ಕೇಂದ್ರ ಆಮೇಲೆ ಎಂಬ್ರೇಯರ್ ಜೆಟ್ ಮೇಲೆ ಮಾಡಿದ ನೇತ್ರ 2017ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ವಾಯುಪಡೆಗೆ ಸೇರಿತು. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಬೆನ್ನ ಮೇಲಿನ ಉದ್ದ ಹಲಗೆಯ ಎರಡು ಬದಿಗಳಿಂದ ಒಟ್ಟು 240 ಡಿಗ್ರಿ ನೋಡುತ್ತದೆ. ಅದು ನೆಲದ ರನ್‌ವೇಯಿಂದ ಹಾರುವ ವಿಮಾನ, ಡೆಕ್ಕಿಗೆ ಬರುವಂಥದ್ದಲ್ಲ. ಕಾರವಾರದ ಸುತ್ತಮುತ್ತಲ ಕಡಲಿಗೆ ದಡದಿಂದ ಹಾರಿದ ವಿಮಾನ ಸಾಕಾಗುತ್ತದೆ. ನೌಕೆ ದಡ ಬಿಟ್ಟು ಸಾವಿರಾರು ಕಿಲೋಮೀಟರ್ ಹೋದ ಮೇಲೆ ಅದರ ನೆತ್ತಿಯ ಮೇಲೆ ಗಂಟೆಗಟ್ಟಲೆ ನಿಲ್ಲಲು ಅದರದ್ದೇ ಡೆಕ್ಕಿನಿಂದ ಎದ್ದ ಕಣ್ಣು ಬೇಕು. ಮುಂದಿನ ನೌಕೆಯ ನಕ್ಷೆ ಹೊರಬಂದಾಗ ಮೊದಲು ಅದರ ಮೂತಿಯನ್ನು ನೋಡಿ. ಅದು ಬಾಗಿದ್ದರೆ ಮತ್ತೆ ಹೆಲಿಕಾಪ್ಟರ್, ಚಪ್ಪಟೆಯಾಗಿದ್ದು ಉದ್ದಕ್ಕೆ ಕ್ಯಾಟಪಲ್ಟ್‌ನ ಸೀಳು ಕಂಡರೆ ತಟ್ಟೆ ಹೊತ್ತ ವಿಮಾನಕ್ಕೆ ಜಾಗ ಮಾಡಿದ್ದಾರೆಂದು ಅರ್ಥ.